ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆ ಕನ್ನಡ ನಾಡಿನ ಎಲ್ಲ ಕಡೆಯೂ ಬಳಕೆಯಲ್ಲಿದೆ. ಶಾಲೆಯ ಗಾದೆ ವಿಸ್ತರಣೆಯಲ್ಲಿ ತಾಯಿಯ ಮಮತೆಯನ್ನು ಕೊಂಡಾಡಿ ಇದನ್ನು ಮುಗಿಸುವುದು ವಾಡಿಕೆ. ಬರೀ ಮಮತೆಯ ಮಾತಾಗಿದ್ದರೆ ಬೆಲ್ಲವೋ ಜೇನೋ ಸಾಕಿತ್ತು. ಮೈಸೂರು ಭಾಗದ ಹೆಗ್ಗಡದೇವನಕೋಟೆ ಸೀಮೆಯನ್ನೇ ನೋಡಿ, ಅಲ್ಲಿನ ಎನ್. ಬೇಗೂರಿನ ಕಡೆ ಜೇನಿಗೆ ಬರವಿರಲಿಲ್ಲ. ಜೇನುಕುರುಬರ ಹಾಡಿಗಳು ಕಾಡಂಚಿನಲ್ಲೇ ಇವೆ. ಆದರೂ ಗಾದೆ ತಾಯಿಯ ಪಕ್ಕದಲ್ಲಿ ಕೂರಿಸಿದ್ದು ಉಪ್ಪನ್ನು.

ಕಾರಣ ಅಡುಗೆಮನೆಯಲ್ಲೇ ಇದೆ. ಮೈಸೂರು ಸೀಮೆಯ ರಾಗಿಮುದ್ದೆಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಮುದ್ದೆಯ ಸಪ್ಪೆಯನ್ನೂ ಸೇರಿಸಿ ಹೊರಬೇಕಾದದ್ದು ಸಾರಿನ ಉಪ್ಪು. ಅವರೆಕಾಳಿನ ಸಾರಿಗೋ ಬಸ್ಸಾರಿಗೋ ಮನೆಯಾಕೆ ಉಪ್ಪು ಹಾಕುವಾಗ ಚಮಚ ಹುಡುಕುವುದಿಲ್ಲ. ಮಡಕೆಯಿಂದ ಕಲ್ಲುಪ್ಪನ್ನು ಹಿಡಿಗೆ ತೆಗೆದುಕೊಂಡು, ಬೆರಳ ಸಂದಿಯಿಂದ ಒಂದಿಷ್ಟು ವಾಪಸು ಉದುರಿಸಿ, ಉಳಿದದ್ದನ್ನು ಕುದಿಯುವ ಸಾರಿಗೆ ಬಿಡುತ್ತಾಳೆ. ಎಷ್ಟು ಜನ ಉಣ್ಣುತ್ತಾರೆ, ಕಾಳು ಹೊಸದೋ ಹಳೆಯದೋ, ಹೊಲದಿಂದ ಬಂದವರು ಎಷ್ಟು ಬೆವರಿದ್ದಾರೆ, ಎಲ್ಲ ಲೆಕ್ಕವೂ ಆ ಹಿಡಿಯಲ್ಲಿರುತ್ತದೆ. ಉಪ್ಪು ಹದವಾಗಿದ್ದ ದಿನ ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಕಡಿಮೆಯಾದ ದಿನ ಮನೆಯೆಲ್ಲ ಮಾತಾಡುತ್ತದೆ. ಗಾದೆ ಗುರುತಿಸಿದ್ದು ಈ ಗುಣವನ್ನು: ಇದ್ದಾಗ ಗಮನಕ್ಕೆ ಬಾರದೆ, ಇಲ್ಲವಾದಾಗ ಎಲ್ಲವನ್ನೂ ಸಪ್ಪೆ ಮಾಡುವುದು.

ಮನೆಯಲ್ಲೇ ಬಾಳು ಸವೆಸಿದ ದೈವಭಕ್ತೆ ತಾಯಿಯನ್ನು ನೆನೆಯುವುದು ಕಷ್ಟವಾಗುವುದೂ ಈ ಗುಣದಿಂದಲೇ. ನಸುಕಿನಲ್ಲಿ ಅಂಗಳ ಸಾರಿಸಿ ರಂಗೋಲಿ ಎಳೆಯುವುದು, ದನಕ್ಕೆ ಮುಸುರೆ ಇಡುವುದು, ರಾಗಿ ಬೀಸುವುದು, ಹೊಲಕ್ಕೆ ಬುತ್ತಿ ಹೊರುವುದು, ಸೋಮವಾರ ಒಪ್ಪತ್ತು, ಅಮಾವಾಸ್ಯೆಗೆ ಮಾದಪ್ಪನ ಹೆಸರಿನಲ್ಲಿ ದೀಪ, ವರ್ಷಕ್ಕೊಮ್ಮೆ ಸರಗೂರಿನ ಬಳಿಯ ಚಿಕ್ಕದೇವಮ್ಮನ ಬೆಟ್ಟ, ಹರಕೆ ಇದ್ದರೆ ಕಪಿಲೆಯ ದಡದ ನಂಜನಗೂಡು. ಅವಳ ಭಕ್ತಿಗೆ ಬೇರೆ ಹೊತ್ತಿರಲಿಲ್ಲ, ಕೆಲಸದ ನಡುವೆಯೇ ಅದರ ಜಾಗ. 1974ರಲ್ಲಿ ಹೆಗ್ಗಡದೇವನಕೋಟೆ ಸೀಮೆಯ ಕಬಿನಿ ಅಣೆಕಟ್ಟು ಮುಗಿದು ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದಾಗ ಹೊಸ ಜಾಗದಲ್ಲಿ ಒಲೆ ಹೂಡಿ, ಮನೆದೇವರಿಗೆ ಮೂಲೆ ಹುಡುಕಿ, ಅದೇ ದಿನಚರಿಯನ್ನು ಮತ್ತೆ ಮೊದಲಿನಿಂದ ಕಟ್ಟಿದವರು ಇಂಥ ಹೆಂಗಸರು. ಅಣೆಕಟ್ಟಿನ ಚರಿತ್ರೆಯಲ್ಲಿ ನೀರಿನ ಲೆಕ್ಕ ಟಿಎಂಸಿಯಲ್ಲಿ ಸಿಗುತ್ತದೆ, ಈ ದುಡಿಮೆಯ ಲೆಕ್ಕ ಸಿಗುವುದಿಲ್ಲ.

ಈ ಸೀಮೆ ಹೆಣ್ಣನ್ನು ನೆನೆಯಲೇ ಇಲ್ಲವೆಂದಲ್ಲ. ಇದೇ ಸೀಮೆಯ ಬೆಳತೂರಿನಲ್ಲಿ 1057ರ ಪ್ರಸಿದ್ಧ ಶಾಸನವಿದೆ. ರವಿಗನ ಮಗಳು ದೇಕಬ್ಬೆಯ ಕಥೆ ಅದರಲ್ಲಿದೆ. ಅವಳ ಗಂಡ ನವಿಲೆನಾಡಿನ ಏಚ ತನ್ನ ದಾಯಾದಿಯನ್ನು ಕೊಂದ ತಪ್ಪಿಗೆ ಅರಸನ ಆಜ್ಞೆಯಂತೆ ಪ್ರಾಣ ತೆತ್ತ. ಸುದ್ದಿ ತಿಳಿದ ದೇಕಬ್ಬೆ, ಹೆತ್ತವರು ತಡೆದರೂ ಕೇಳದೆ, ದಾನಧರ್ಮ ಮಾಡಿ ಬೆಂಕಿ ಹೊಕ್ಕಳು. ಕಾವ್ಯದಂತೆ ಬರೆದ ಈ ಶಾಸನ ಕನ್ನಡ ಸಾಹಿತ್ಯ ಚರಿತ್ರೆಯಲ್ಲೂ ಹೆಸರು ಪಡೆದಿದೆ. ಆದರೆ ಅದು ಕಲ್ಲಿಗೆ ಏರಿಸಿದ್ದು ಅವಳ ಸಾವನ್ನು. ಸಾಯದೆ ಉಳಿದು ಮಕ್ಕಳನ್ನು ಸಾಕಿದ ಅವಳ ಓರಗೆಯವರಿಗೆ ಕಲ್ಲು ನೆಟ್ಟವರಿಲ್ಲ. ಬೆಂಕಿ ಹೊಕ್ಕವರ ನೆನಪಿಗೆ ನೆಟ್ಟ ಮಾಸ್ತಿಕಲ್ಲುಗಳನ್ನು ನೋಡುವಾಗ ಈ ಅನ್ಯಾಯವನ್ನು ಮರೆಯಬಾರದು.

ಜನಪದರು ಬೇರೆ ದಾರಿ ಹಿಡಿದರು. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂಬ ಭಾಗವಿದೆ. ಗಂಡ ನೀಲಯ್ಯ ಕಾಡಿಗೆ ಹೊರಡುವ ಮುನ್ನ ಅವಳ ಶೀಲಕ್ಕೆ ಕೈಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟು, ಕಾಡಿನ ಗುಡಿಸಲಲ್ಲಿ ಅವಳನ್ನು ಕೂಡಿಹಾಕಿ ಹೋಗುತ್ತಾನೆ. ಅವಳ ಮೊರೆಗೆ ಮಾದೇಶ್ವರ ಬರುತ್ತಾನೆ. ಅವನ ವರದಿಂದ ಕಾರಯ್ಯ, ಬಿಲ್ಲಯ್ಯ ಎಂಬ ಅವಳಿ ಮಕ್ಕಳಾಗುತ್ತಾರೆ. ಸಂಕಮ್ಮ ಬೆಂಕಿ ಹೊಕ್ಕವಳಲ್ಲ, ಬದುಕಿ ತಾಯಾದವಳು. ಗಂಡನ ಅನುಮಾನಕ್ಕೆ ತಲೆಬಾಗದೆ ದೇವರನ್ನು ನಂಬಿದ ಈ ಹೆಣ್ಣನ್ನು ಊರೂರಿನ ಜಗಲಿಗಳಲ್ಲಿ ಇರುಳಿಡೀ ಹಾಡುತ್ತಾರೆ. ಗಾದೆ ಹೇಳುವ ತಾಯಿಗೆ ದೇಕಬ್ಬೆಗಿಂತ ಇವಳು ಹತ್ತಿರ.

ಬೀಸುಕಲ್ಲಿನ ಮುಂದೆ ತಾಯಿಯನ್ನು, ತವರನ್ನು ನೆನೆದು ಹೆಂಗಸರು ಹಾಡಿದ ತ್ರಿಪದಿಗಳೂ ಇವೆ. ವಿಜಯಪುರ ಸೀಮೆಯ ‘ಹಲಸಂಗಿ ಗೆಳೆಯರು’ ಎಂಬ ಬಳಗದವರು ಅಂಥವನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಹಾಡು ಉಳಿಯಿತು, ಕಟ್ಟಿದವರ ಹೆಸರು ಹೋಯಿತು. ಹಿಟ್ಟಿನ ಗಿರಣಿ ಬಂದ ಮೇಲೆ ಹಾಡೂ ತೆಳುವಾಯಿತು.

ಬೇರೆ ಸಮಾಜಗಳು ಇಂಥ ಬಾಳನ್ನು ಬರೆದಿಟ್ಟ ಬಗೆ ಗಮನಿಸತಕ್ಕದ್ದು. 16ನೇ ಶತಮಾನದ ಯೂರೋಪಿನಲ್ಲಿ ಹುಟ್ಟಿ, ಮೆನೊ ಸೈಮನ್ಸ್ ಎಂಬ ಗುರುವಿನ ಹೆಸರು ಹೊತ್ತ ಮೆನೊನೈಟ್ ಪಂಗಡ ಸರಳ ಬದುಕಿಗೂ ಅಹಿಂಸೆಗೂ ಹೆಸರಾದದ್ದು. ಅಮೆರಿಕದ ಮೆನೊನೈಟರ ಪತ್ರಿಕೆಗಳು 19ನೇ ಶತಮಾನದಿಂದಲೂ ಸಾಮಾನ್ಯ ಗೃಹಿಣಿಯರ ಮರಣವಾರ್ತೆಯನ್ನು ಅಚ್ಚು ಹಾಕಿವೆ. ಹುಟ್ಟಿದ ದಿನ, ಮದುವೆಯಾದ ದಿನ, ಹೆತ್ತ ಮಕ್ಕಳು, ಉಳಿದ ಮೊಮ್ಮಕ್ಕಳು, ಸೇರಿದ್ದ ಸಭೆ, ಎಲ್ಲವೂ ಕೆಲವೇ ಸಾಲಿನಲ್ಲಿ. ಹೊಗಳಿಕೆ ಕಡಿಮೆ, ವಿವರ ಹೆಚ್ಚು. ಅದರಿಂದಾಗಿ ಹೊಲಮನೆ ಬಿಟ್ಟು ಕದಲದ ಹೆಂಗಸಿನ ಬಾಳೂ ನೂರು ವರ್ಷದ ಮೇಲೆ ಓದಲು ಸಿಗುತ್ತದೆ.

ಕನ್ನಡದ ಮನೆಗಳಲ್ಲಿ ಆಗುವುದು ಇದರ ತಿರುವುಮುರುವು. ತಾಯಿ ಹೋದ ಮೇಲೆ ಅವಳನ್ನು ದೇವತೆ ಎಂದು ಕರೆದು ಫೋಟೋಗೆ ಹಾರ ಹಾಕುತ್ತಾರೆ. ಪಿತೃಪಕ್ಷದಲ್ಲಿ ಹೊಸ ಸೀರೆ ಇಟ್ಟು, ಅವಳಿಗೆ ಪ್ರಿಯವಾದ ಅಡುಗೆ ಮಾಡಿ ಎಡೆ ಇಕ್ಕುತ್ತಾರೆ. ಅದು ಒಳ್ಳೆಯ ಆಚರಣೆ. ಸತ್ತವಳ ನಾಲಗೆಯ ರುಚಿಯನ್ನು ವರ್ಷಕ್ಕೊಮ್ಮೆಯಾದರೂ ನೆನಪಿಡಲು ಅದು ಮನೆಯವರನ್ನು ಒತ್ತಾಯಿಸುತ್ತದೆ. ಎಷ್ಟೋ ಮನೆಗಳಲ್ಲಿ ಆ ದಿನ ತೊಡಕಾಗುವುದೂ ಅಲ್ಲೇ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಂಡವಳಿಗೆ ಏನು ಇಷ್ಟವಿತ್ತೆಂದು ಯಾರೂ ಕೇಳಿರುವುದಿಲ್ಲ. ದೇವತೆ ಎಂದುಬಿಟ್ಟರೆ ಇಂಥ ಪ್ರಶ್ನೆ ಕೇಳುವ ಹೊಣೆ ತಪ್ಪುತ್ತದೆ. ಗಾದೆ ಹಾಗೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಅದು ತಾಯಿಯನ್ನು ಗುಡಿಯಲ್ಲಿ ಕೂರಿಸದೆ ಬಂಧುಗಳ ಸಾಲಿನಲ್ಲಿ ಕೂರಿಸಿದೆ, ಬಂಧುವಿಗೆ ಸಲ್ಲಬೇಕಾದದ್ದು ಅವಳಿಗೂ ಸಲ್ಲಬೇಕು.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ತಾಯಂದಿರ ವಯಸ್ಸು ಇಂದಿಗೂ ಬರದ ವರ್ಷ, ಮಳೆಯ ವರ್ಷ ಎಂಬ ಅಂದಾಜಿನಲ್ಲೇ ಇದೆ. ಅವರ ತವರೂರು, ಹೆತ್ತು ಕಳೆದುಕೊಂಡ ಮಕ್ಕಳು, ಹೊತ್ತ ಹರಕೆ, ಬಲ್ಲ ಹಾಡು, ಮೆಚ್ಚಿದ ಊಟ, ಇವು ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಅಂಥ ಹಿರಿಯಾಕೆ ಇನ್ನೂ ಇದ್ದರೆ, ಮಕ್ಕಳು ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕೇಳಿ ಇವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಲಿ.