ಉತ್ತ ನೆಲದ ಜೀರ್ಣೋದ್ಧಾರ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬಿಯಾಟ್ರಿಸ್ ಪಟ್ಟಣದ ಸಮೀಪದಲ್ಲಿರುವ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವು ತನ್ನೊಳಗೇ ಒಂದು ವಿರೋಧಾಭಾಸವನ್ನು ಇಟ್ಟುಕೊಂಡಿದೆ. ಐದು ವರ್ಷ ನೆಲೆನಿಂತು ಸಾಗುವಳಿ ಮಾಡಿದವರಿಗೆ 160 ಎಕರೆ ಸರ್ಕಾರಿ ಭೂಮಿಯನ್ನು ಬಿಟ್ಟುಕೊಡುವ ಕಾಯ್ದೆ 1862ರಲ್ಲಿ ಬಂದಿತು. ಅದರ ಆರಂಭದ ಹಕ್ಕುದಾರರಲ್ಲೊಬ್ಬನಾದ ಡೇನಿಯಲ್ ಫ್ರೀಮನ್ 1863ರ ಜನವರಿ 1ರಂದು ಬರೆಸಿಕೊಂಡ ಜಮೀನನ್ನು ಒಳಗೊಂಡು, ಆ ಕಾಯ್ದೆಯ ಸ್ಮಾರಕವಾಗಿ, 1936ರಲ್ಲಿ ಈ ಉದ್ಯಾನ ರೂಪುಗೊಂಡಿತು. ಪ್ರೇರಿಯನ್ನು ಉಳುಮೆಗೆ ಒಡ್ಡಿದ ಕಾಯ್ದೆಯ ಸ್ಮಾರಕದಲ್ಲಿಯೇ 1939ರಿಂದ ಪ್ರೇರಿಯನ್ನು ಮರಳಿ ಬೆಳೆಸುತ್ತ ಬರಲಾಗಿದ್ದು, ಇಂದು ಅಲ್ಲಿ ಸುಮಾರು 100 ಎಕರೆ ಹುಲ್ಲುಗಾವಲು ಇದೆ. ಹೀಗೆ ಮರಳಿ ಬೆಳೆದದ್ದು ಹಿಂದಿನ ಪ್ರೇರಿಯೇ, ಇಲ್ಲವೆ ಅದರ ವೇಷ ತೊಟ್ಟ ಬೇರೊಂದು ವಸ್ತುವೇ ಎಂಬುದು ಸಸ್ಯಶಾಸ್ತ್ರವೊಂದೇ ಬಗೆಹರಿಸಬಲ್ಲ ಪ್ರಶ್ನೆಯಲ್ಲ.

ಪ್ರೇರಿ ಎಂದರೆ ಉತ್ತರ ಅಮೆರಿಕದ ಮಧ್ಯಭಾಗದ ವಿಶಾಲ ಹುಲ್ಲುನಾಡು. ಅದರ ಪೂರ್ವಭಾಗದ ಎತ್ತರಹುಲ್ಲಿನ ಪ್ರೇರಿಯಲ್ಲಿ ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಆಳೆತ್ತರವನ್ನೂ ಮೀರಿ ಬೆಳೆಯುತ್ತದೆ. ಅದರ ಬೇರುಗಳು ಸುಮಾರು ಮೂರು ಮೀಟರ್ ಆಳದವರೆಗೂ ಇಳಿಯಬಲ್ಲವು. ಕಪ್ಪು ಫಲವತ್ತಾದ ಮಣ್ಣನ್ನು ಸಾವಿರಾರು ವರ್ಷಗಳಲ್ಲಿ ಕಟ್ಟಿದ್ದು ಈ ಬೇರುಗಳೇ. ಆ ಫಲವತ್ತತೆಯೇ ನೇಗಿಲನ್ನು ಕರೆಸಿಕೊಂಡಿತು. ಎತ್ತರಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ಮೂಲದ ಶೇ. 4ಕ್ಕಿಂತ ಕಡಿಮೆ.

ತತ್ತ್ವಶಾಸ್ತ್ರಜ್ಞ ರಾಬರ್ಟ್ ಎಲಿಯಟ್ 1982ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕೆಡಿಸಿದ ನಿಸರ್ಗವನ್ನು ಮತ್ತೆ ಹಾಗೆಯೇ ಮಾಡಿಕೊಡುತ್ತೇವೆಂಬ ಭರವಸೆಯನ್ನು ನಕಲಿ ಚಿತ್ರಕ್ಕೆ ಹೋಲಿಸಿದರು. ನಕಲು ಎಷ್ಟೇ ನಿಖರವಾಗಿದ್ದರೂ ಅದು ಹುಟ್ಟಿಬಂದ ಬಗೆ ಬೇರೆಯಾದ್ದರಿಂದ ಮೂಲದ ಬೆಲೆ ಅದಕ್ಕೆ ಬರಲಾರದು ಎಂಬುದು ಅವರ ವಾದ. ಹತ್ತು ವರ್ಷಗಳ ಅನಂತರ ಎರಿಕ್ ಕ್ಯಾಟ್ಜ್ ಇನ್ನೂ ಕಟುವಾಗಿ, ಮನುಷ್ಯನ ಉದ್ದೇಶಕ್ಕೆ ತಕ್ಕಂತೆ ರೂಪುಗೊಂಡ ಭೂಮಿ ನಿಸರ್ಗವಲ್ಲ, ಅದು ಕೇವಲ ಕೃತಕ ವಸ್ತು ಎಂದರು. ಈ ವಾದಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಗಣಿಗಾರಿಕೆಗೂ ರಸ್ತೆಗೂ ಹುಲ್ಲುಗಾವಲನ್ನು ಬಲಿಕೊಡುವವರಿಗೆ ಪುನಃಸ್ಥಾಪನೆಯ ಭರವಸೆಯಷ್ಟು ಅನುಕೂಲಕರವಾದ ನೆಪ ಬೇರೆ ಸಿಗದು.

ಆದರೆ ಪ್ರೇರಿಯ ಮಟ್ಟಿಗೆ ಈ ವಾದದ ಆಧಾರವೇ ಸಡಿಲವಾಗಿದೆ. ಬಿರುಗಾಳಿ ಮಳೆಯ ಸಿಡಿಲಷ್ಟೇ ಅಲ್ಲದೆ ಅಲ್ಲಿನ ಮೂಲನಿವಾಸಿಗಳು ಬೇಟೆಗಾಗಿಯೂ ಹೊಸ ಚಿಗುರಿಗಾಗಿಯೂ ಹಚ್ಚುತ್ತಿದ್ದ ಬೆಂಕಿ ಮರಗಳನ್ನು ತಡೆದು ಹುಲ್ಲನ್ನು ಉಳಿಸಿತ್ತು. ಹೀಗಿರುವಾಗ ಮನುಷ್ಯನ ಕೈ ಸೋಕದ ಮೂಲವೊಂದನ್ನು ಪ್ರೇರಿಯಲ್ಲಿ ಹುಡುಕುವುದು ವ್ಯರ್ಥ. ಜೈನ ದಾರ್ಶನಿಕ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಸತ್ತಿನ, ಅಂದರೆ ಇರುವ ವಸ್ತುವಿನ, ಲಕ್ಷಣದಲ್ಲಿ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರನ್ನೂ ಒಟ್ಟಿಗೆ ಸೇರಿಸುತ್ತದೆ: ಹುಟ್ಟು, ನಾಶ, ಸ್ಥಿರತೆಗಳು ಒಂದೇ ವಸ್ತುವಿನಲ್ಲಿ ಕೂಡಿರುತ್ತವೆ. ಈ ದೃಷ್ಟಿಯಿಂದ ನೋಡಿದರೆ, ಪ್ರೇರಿಯಲ್ಲಿ ಏನು ಬದಲಾಯಿತು ಎಂಬುದಕ್ಕಿಂತ ಅದರ ಧ್ರೌವ್ಯ ಯಾವುದರಲ್ಲಿದೆ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ.

ದೇವಾಲಯದ ಜೀರ್ಣೋದ್ಧಾರದಲ್ಲಿ ಇದಕ್ಕೊಂದು ಉತ್ತರದ ದಾರಿ ಕಾಣುತ್ತದೆ. ಗರ್ಭಗುಡಿಯನ್ನು ಬಿಚ್ಚುವ ಮುನ್ನ ಕಲಾಸಂಕೋಚವೆಂಬ ವಿಧಿಯಿಂದ ದೇವತಾಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಪೂಜೆ ತಪ್ಪದಂತೆ ನೋಡಿಕೊಂಡು, ಕಟ್ಟಡ ಮುಗಿದ ಮೇಲೆ ಪುನಃಪ್ರತಿಷ್ಠೆ ಮಾಡುತ್ತಾರೆ. ಕಲ್ಲು ಹೊಸದಾದರೂ ದೇವರು ಹೊಸಬನಾಗುವುದಿಲ್ಲ, ನಡುವೆ ಸಾನ್ನಿಧ್ಯ ಕಡಿದುಹೋಗಿರುವುದಿಲ್ಲ. ನೇಗಿಲು ತಾಗದೆ ಉಳಿದ ಹತ್ತಿರದ ತುಣುಕುಗಳಿಂದ ಆಯ್ದ ಬೀಜವನ್ನೇ ಬಿತ್ತಬೇಕೆಂದು ಪುನಃಸ್ಥಾಪಕರು ಹಟ ಹಿಡಿಯುವುದರ ಅರ್ಥವೂ ಇದೇ: ಆ ನೆಲದ ಹವೆಗೆ ಒಗ್ಗಿಕೊಂಡ ವಂಶ ಬೀಜದಲ್ಲಿ ಮುಂದುವರಿಯುತ್ತದೆ. ಅಂಥ ತುಣುಕುಗಳು ಅಳಿದರೆ ಪ್ರತಿಷ್ಠೆಗೆ ಕಲಶವೇ ಇರುವುದಿಲ್ಲ. ಹೋಲಿಕೆ ಪೂರ್ತಿ ಸರಿಹೊಂದದು ಎಂಬುದೂ ನಿಜ. ಹುಲ್ಲಿಗೆ ಒಮ್ಮೆಯ ಪ್ರತಿಷ್ಠೆ ಸಾಲದು, ನಿಯತವಾಗಿ ಬೆಂಕಿ ಇಡದಿದ್ದರೆ ಪೊದೆಗಳೂ ಸ್ಮೂತ್ ಬ್ರೋಮ್‌ನಂಥ ಹೊರನಾಡಿನ ಹುಲ್ಲೂ ಆವರಿಸಿಕೊಳ್ಳುತ್ತವೆ.

ಹೀಗೆ ಮರಳಿ ಬೆಳೆಸಿದ್ದು ಎಷ್ಟರಮಟ್ಟಿಗೆ ಪ್ರೇರಿಯಾಗಿದೆ ಎಂದು ಅಳೆಯಲು ಇಲ್ಲಿ ಮೌಲ್ಯಮಾಪನ ಬರುತ್ತದೆ. 1970ರ ದಶಕದ ಕೊನೆಯಲ್ಲಿ ಷಿಕಾಗೋ ಪ್ರದೇಶದಲ್ಲಿ ಫ್ಲಾಯ್ಡ್ ಸ್ವಿಂಕ್ ಮತ್ತು ಜೆರಾಲ್ಡ್ ವಿಲ್ಹೆಲ್ಮ್ ರೂಪಿಸಿದ ಪದ್ಧತಿಯಲ್ಲಿ ಪ್ರತಿಯೊಂದು ಸ್ಥಳೀಯ ಸಸ್ಯಕ್ಕೂ 0ಯಿಂದ 10ರವರೆಗಿನ ಅಂಕವಿದೆ: ಕೆದಕಿದ ನೆಲದಲ್ಲೂ ಬರುವ ಗಿಡಕ್ಕೆ 0, ಅಲುಗದ ನೆಲದಲ್ಲಷ್ಟೇ ಬಾಳುವ ಗಿಡಕ್ಕೆ 10. ಒಂದು ತಾಣದ ಅಂಕಗಳ ಸರಾಸರಿಯನ್ನು ಅಲ್ಲಿನ ಸ್ಥಳೀಯ ಪ್ರಭೇದಗಳ ಸಂಖ್ಯೆಯ ವರ್ಗಮೂಲದಿಂದ ಗುಣಿಸಿದರೆ ಆ ತಾಣದ ಗುಣಮಟ್ಟದ ಸೂಚ್ಯಂಕ ದೊರೆಯುತ್ತದೆ. ಅಂಕಗಳನ್ನು ಕೊಟ್ಟದ್ದು ತಜ್ಞರ ತೀರ್ಮಾನವೇ ಆದರೂ ಈ ಲೆಕ್ಕಕ್ಕೆ ಒಂದು ನೈತಿಕ ಗುಣವಿದೆ. ಹಸಿರಾಗಿ ಕಂಡದ್ದನ್ನೆಲ್ಲ ಅದು ಪ್ರೇರಿಯೆಂದು ಒಪ್ಪುವುದಿಲ್ಲ. ದಶಕಗಳ ಆರೈಕೆಯ ಅನಂತರವೂ ಬಿತ್ತಿ ಬೆಳೆಸಿದ ಹುಲ್ಲುಗಾವಲುಗಳು ಸಸ್ಯವೈವಿಧ್ಯದಲ್ಲಿ ಉಳದ ನೆಲಕ್ಕಿಂತ ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತವೆ.

ಆದ್ದರಿಂದ ಎಲಿಯಟ್ ಅವರ ನಕಲಿಯ ಆರೋಪ ಸಲ್ಲಬೇಕಾದದ್ದು ಉಳದ ನೆಲವನ್ನು ಕೆಡವಲು ಪರವಾನಗಿಯಾಗಿ ಬಳಸುವ ಪುನಃಸ್ಥಾಪನೆಗೆ, ಆಗಿಹೋದ ಹಾನಿಗೆ ಪ್ರಾಯಶ್ಚಿತ್ತವಾಗಿ ನಡೆಯುವ ಕೆಲಸಕ್ಕಲ್ಲ. ಆ ಪ್ರಾಯಶ್ಚಿತ್ತವೂ ಅರೆಯೇ: ಅಲ್ಲಿನ ಮೂಲನಿವಾಸಿಗಳಾದ ಒಟೊ-ಮಿಸೂರಿಯಾ ಜನರನ್ನು ನೆಬ್ರಾಸ್ಕಾದ ನೆಲದಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೆರವುಗೊಳಿಸಲಾಯಿತು, ಅವರ ವಂಶಜರ ಸರ್ಕಾರ ಇಂದು ಇರುವುದು ಒಕ್ಲಹೋಮಾದಲ್ಲಿ.