ಬೇಗ ತೀರಿಸಿದವರಿಗೆ ದಂಡವಿಲ್ಲ

ಮಾರುಕಟ್ಟೆಯ ಮೀಟರ್ ಬಡ್ಡಿಗೆ ಅದರದೇ ಲೆಕ್ಕವಿದೆ. 10,000 ರೂಪಾಯಿ ಸಾಲವೆಂದರೆ ಕೈಗೆ ಬರುವುದು 9,000. ಬಡ್ಡಿ ಮೊದಲೇ ಮುರಿದಾಯಿತು. ದಿನಕ್ಕೆ ನೂರರಂತೆ 100 ದಿನ ಕಟ್ಟಬೇಕು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ವ್ಯಾಪಾರ ಕುದುರಿತು, ನಲವತ್ತನೇ ದಿನವೇ ಬಾಕಿ ಚುಕ್ತಾ ಮಾಡುತ್ತೇನೆ ಎಂದು ಹೋದರೂ ಎಣಿಸಿ ಕೊಡಬೇಕಾದದ್ದು ಪೂರ್ತಿ 6,000. ಬೇಗ ಕೊಟ್ಟದ್ದಕ್ಕೆ ಲಾಭ ಸಾಲಿಗನಿಗೇ, ಆ ದುಡ್ಡನ್ನು ಅವನು ಮರುದಿನವೇ ಇನ್ನೊಬ್ಬರಿಗೆ ಬಿಡುತ್ತಾನೆ.

ಲಾಕ್‌ಡೌನ್‌ನಲ್ಲಿ ಬಂಡವಾಳವನ್ನೇ ತಿಂದು ಮುಗಿಸಿದ್ದ ಬೀದಿ ವ್ಯಾಪಾರಿಗಳಿಗೆಂದು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ತಂದಿತು. ಅಡಮಾನ ಕೇಳದ ಈ ಸಾಲದ ನಿಯಮಗಳಲ್ಲಿ ಒಂದು ಹೀಗಿದೆ: ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಅಷ್ಟೇ ಅಲ್ಲ, ಸಲ್ಲಬೇಕಾದ ಶೇ. 7ರ ಬಡ್ಡಿ ಸಹಾಯಧನ ಒಂದೇ ಸಲಕ್ಕೆ ಖಾತೆಗೆ ಬೀಳುತ್ತದೆ, ಮುಂದಿನ ದೊಡ್ಡ ಸಾಲಕ್ಕೂ ಅರ್ಹತೆ ಸಿಗುತ್ತದೆ. ಸಾಲ ಮನ್ನಾ ಆದಾಗಲೆಲ್ಲ ಮೊದಲೇ ಕಟ್ಟಿದವರು ಪೆಚ್ಚಾಗುವುದನ್ನು ಕಂಡ ನಮಗೆ ಇದು ಅಪರೂಪದ ಮರ್ಯಾದೆ.

2025ರಲ್ಲಿ ಮೊದಲ ಕಂತಿನ ಸಾಲ 15,000ಕ್ಕೆ, ಎರಡನೆಯದು 25,000ಕ್ಕೆ ಏರಿತು. ಮೂರನೆಯದು 50,000ವೇ ಉಳಿಯಿತು. ಶೇ. 12ರ ಬಡ್ಡಿ ಎಂದುಕೊಂಡರೂ 15,000 ರೂಪಾಯಿಯನ್ನು ಒಂದು ವರ್ಷದ ಮಾಸಿಕ ಕಂತುಗಳಲ್ಲಿ ತೀರಿಸಿದರೆ ಒಟ್ಟು ಬಡ್ಡಿ ಸಾವಿರ ದಾಟುವುದಿಲ್ಲ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸಹಾಯಧನವಾಗಿ ವಾಪಸ್. ಹಾಗಾಗಿ ಎರಡು ಮೂರು ತಿಂಗಳು ಮೊದಲೇ ತೀರಿಸಿದವರಿಗೆ ಬಡ್ಡಿಯಲ್ಲಿ ಉಳಿಯುವುದು ಚಿಲ್ಲರೆ ಕಾಸು. ಅವರ ಕಣ್ಣಿರುವುದು ಆ 25,000ದ ಮೇಲೆ. ತಳ್ಳುಗಾಡಿಗೊಂದು ಹೊಸ ತಕ್ಕಡಿ, ಹಬ್ಬಕ್ಕೆ ಎರಡು ಕ್ರೇಟ್ ಹೆಚ್ಚು ಹಣ್ಣು, ಎಲ್ಲ ಅದರಲ್ಲೇ ಆಗಬೇಕು.

ತೊಡಕಿರುವುದು ಕೌಂಟರಿನಲ್ಲಿ. ವ್ಯಾಪಾರಿಯ ಕೈಗೆ ದುಡ್ಡು ಬರುವುದು ಸಂಜೆ, ಬ್ಯಾಂಕಿನ ಬಾಗಿಲು ತೆರೆದಿರುವುದು ಅವರ ವ್ಯಾಪಾರದ ಹೊತ್ತಿನಲ್ಲಿ. ಹೆಚ್ಚಿಗೆ ಕಟ್ಟಲು ಅರ್ಧ ದಿನದ ದುಡಿಮೆ ಬಿಟ್ಟು ಹೋಗಬೇಕೆಂದರೆ ಅದೇ ಒಂದು ದಂಡವಾಯಿತು! ಮೀಟರ್ ಬಡ್ಡಿಯವನಾದರೋ ಗಾಡಿಯ ಹತ್ತಿರವೇ ಬರುತ್ತಾನೆ. ಚಹಾದ ಲೋಟಕ್ಕೂ ಕ್ಯೂಆರ್ ಕೋಡ್ ತೋರಿಸುವ ಈ ವ್ಯಾಪಾರಿಗಳು ಅದೇ ಮೊಬೈಲಿನಿಂದ ಮನಸ್ಸು ಬಂದಾಗ ನೂರು, ಇನ್ನೂರು ಸಾಲಕ್ಕೆ ಜಮಾ ಮಾಡುವಂತಿರಬೇಕು. ಕೊನೆಯ ಕಂತು ಕಟ್ಟಿದ ದಿನವೇ ಬಾಕಿ ಇಲ್ಲವೆಂಬ ಪತ್ರವೂ ಅದರಲ್ಲೇ ಬರಬೇಕು.