ಪರೀಕ್ಷೆಗೆ ಅಂಜಬೇಕೆ?

ಆರಾಧನೆಯ ದಿನಗಳಲ್ಲಿ ನಮ್ಮ ಮೊರಬದಂತಹ ಊರುಗಳಲ್ಲಿ ಪ್ರವಚನಕ್ಕೂ ಪಂಕ್ತಿಭೋಜನಕ್ಕೂ ನಾವೆಲ್ಲ ಒಂದೇ ಸೂರಿನಡಿ ಕೂಡುತ್ತೇವೆ. ಇಂತಹ ಸಮಯದಲ್ಲಿ ಮನೆಯ ಹಿರಿಯರೊಬ್ಬರಿಗೆ ಎರಡು ವಾರ ಮೀರಿದ ಕೆಮ್ಮು ಇದೆಯೆನ್ನೋಣ. ಕಫಪರೀಕ್ಷೆಗೆ ಅವರು ಒಪ್ಪುವುದಿಲ್ಲ. ಕ್ಷಯವೆಂದು ಹೊರಬಿದ್ದರೆ ಮೊಮ್ಮಗಳ ಸಂಬಂಧ ತಪ್ಪೀತು, ಪಂಕ್ತಿಯಲ್ಲಿ ತಮ್ಮ ಎಲೆ ದೂರ ಸರಿದೀತು ಎಂಬ ಅಂಜಿಕೆ ಒಳಗೆ; "ಎಲ್ಲವೂ ಹರಿಚಿತ್ತ" ಎಂಬ ಮಾತು ಹೊರಗೆ. ಈ ಮಾತು ವಿಚಾರಾರ್ಹವಾಗಿದೆ.

ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನು ಆತನ ಅಧೀನನು ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಆದರೆ ಜೀವನಿಗೆ ಹರ್ಯಧೀನವಾದ ಕರ್ತೃತ್ವವುಂಟೆಂಬುದೂ ಅವರದೇ ಉಪದೇಶ. ಅದಿಲ್ಲವಾದರೆ ಶಾಸ್ತ್ರದ ವಿಧಿನಿಷೇಧಗಳು ಯಾರಿಗಾಗಿ? ಹಸಿದಾಗ ಹರಿಚಿತ್ತವೆಂದು ಕೈಕಟ್ಟಿ ಕುಳ್ಳಿರದ ನಾವು ಪರೀಕ್ಷೆಗೆ ಮಾತ್ರ ಆ ಮಾತನ್ನು ಮೀಸಲಿಟ್ಟರೆ ಅದು ಭಕ್ತಿಯಲ್ಲ, ಭಯ. ವೈದ್ಯಕ್ಕೆ ಅಧಿದೇವತೆಯಾದ ಧನ್ವಂತರಿಯೂ ಶ್ರೀಹರಿಯ ರೂಪವೇ ಅಲ್ಲವೆ?

ಮುಖ್ಯಪ್ರಾಣದೇವರು ಪ್ರತಿಯೊಬ್ಬರಲ್ಲಿಯೂ ಇದ್ದು ದಿನಕ್ಕೆ 21,600 ಶ್ವಾಸಗಳಿಂದ ಹಂಸಮಂತ್ರವನ್ನು ಜಪಿಸುವರೆಂದು ನಾವು ನಂಬಿದ್ದೇವೆ. ಹಾಗಿದ್ದಲ್ಲಿ ಪಕ್ಕದ ಎಲೆಗೆ ಕುಳಿತ ಕೂಸಿನ ಉಸಿರೂ ಆತನ ಸನ್ನಿಧಿಯೇ. ಶ್ವಾಸಕೋಶದ ಕ್ಷಯವು ಕೆಮ್ಮಿದಾಗ ಗಾಳಿಯಿಂದ ಹರಡುತ್ತದೆ. ಮಡಿಬಟ್ಟೆ ಅದನ್ನು ತಡೆಯದು. 2020ರಲ್ಲಿ ಕೋವಿಡ್ ಬಂದು ದೇವಸ್ಥಾನಗಳ ಬಾಗಿಲು ಮುಚ್ಚಿದಾಗ ಒಬ್ಬರ ಉಸಿರು ಮತ್ತೊಬ್ಬರಿಗೆ ಹೇಗೆ ತಾಗುವುದೆಂಬುದನ್ನು ನಾವೆಲ್ಲ ಕಂಡೆವು. ತನ್ನ ದೇಹದ ಮಾತಷ್ಟೇ ಆಗಿದ್ದರೆ ಪರೀಕ್ಷೆ ಅವರವರ ಇಚ್ಛೆಗೆ ಬಿಟ್ಟದ್ದು. ಪರರ ಪ್ರಾಣದ ಮಾತಾದಾಗ ಅದು ಕರ್ತವ್ಯ.

ಆದರೆ ದೋಷವೆಲ್ಲ ಆ ಹಿರಿಯರದಲ್ಲ. ಅವರ ಅಂಜಿಕೆಗೆ ಕಾರಣರು ನಾವೇ. ಅನೇಕರು ವಂಶದ ರೋಗವೆಂದು ಬಗೆದಿದ್ದ ಕ್ಷಯಕ್ಕೆ ಕ್ರಿಮಿಯೇ ಕಾರಣವೆಂದು ರಾಬರ್ಟ್ ಕಾಕ್ 1882ರಲ್ಲಿಯೇ ತೋರಿಸಿಕೊಟ್ಟನು. ಇಂದು ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧಿ ಸೇವಿಸಿದರೆ ರೋಗ ವಾಸಿಯಾಗುತ್ತದೆ. ಉಂಡ ತಟ್ಟೆಯಿಂದಾಗಲಿ ಮುಟ್ಟಿದ ಪಾತ್ರೆಯಿಂದಾಗಲಿ ಅದು ಅಂಟುವುದಿಲ್ಲ. ಇಷ್ಟು ತಿಳಿದ ಮೇಲೂ ಮೊಮ್ಮಗಳ ಸಂಬಂಧವನ್ನು ಮುರಿಯುವವರು, ರೋಗವನ್ನು ಬಚ್ಚಿಟ್ಟ ಪಾಪದಲ್ಲಿ ಪಾಲುಗಾರರಾಗುತ್ತಾರೆ.

ಆದ್ದರಿಂದ ಕೆಮ್ಮು ಬಿಡದವರು ಪರೀಕ್ಷೆ ಮಾಡಿಸಿಕೊಳ್ಳಲಿ. ರೋಗವಿದ್ದಲ್ಲಿ ವೈದ್ಯರು ಹೇಳುವವರೆಗೆ ಪಂಕ್ತಿಯಿಂದ ದೂರವಿರಲಿ. ನಾವು ತೀರ್ಥಪ್ರಸಾದವನ್ನು ಅವರ ಮನೆಗೇ ಮುಟ್ಟಿಸೋಣ. ಗುಣವಾಗಿ ಬಂದ ದಿನ ಅವರ ಎಲೆಯನ್ನು ನಮ್ಮ ಎಲೆಯ ಪಕ್ಕದಲ್ಲಿಯೇ ಹಾಕೋಣ. ಹರಿಚಿತ್ತವೆಂಬ ಮಾತನ್ನು ಆಗ ನಿಶ್ಚಿಂತೆಯಿಂದ ಆಡಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥